ಎರಡು ಸೆಕೆಂಡು ತಡ

ರಾಳ ಕರಗುವ ವಾಸನೆ... ಅವಳಿಗೆ ಬಾಲ್ಯವೆಂದರೆ ಅದೇ. ಅಪ್ಪನ ರೇಡಿಯೋ ರಿಪೇರಿ ಅಂಗಡಿಯಲ್ಲಿ, ಬೆಸುಗೆ ಹಾಕುವಾಗ ಎಳೆಯಾಗಿ ಏಳುತ್ತಿದ್ದ ಹೊಗೆಯ ವಾಸನೆ. ಅದು ಇದ್ದಲ್ಲಿ ಒಳ್ಳೆಯವರು ಇರುತ್ತಾರೆ ಎಂದು ಎಷ್ಟೋ ವರ್ಷ ನಂಬಿದ್ದಳು.

ಅದಕ್ಕೇ, ಜೀಪಿನಿಂದ ಇಳಿದು ಬಂದವನ ಅಂಗಿಯಿಂದ ಅದೇ ವಾಸನೆ ಬಂದು, ಅವನು ಬಾಯಿ ತೆರೆದ ಕೂಡಲೇ ಅವಳಿಗೆ ಮೈಯೆಲ್ಲ ಉರಿಯಿತು.

"ಒಂಬತ್ತನೇ ಕೇಂದ್ರ ಇದೇನಾ?"

ಮುಖ ಹೊಸದು, ದನಿ ಹೊಸದಲ್ಲ. ದಿನಾ ಬೆಳಿಗ್ಗೆ ಫೋನಿನಲ್ಲಿ ಅವಳನ್ನು ಚುಚ್ಚುತ್ತಿದ್ದ ದನಿ. ಕೇಂದ್ರ ಕಚೇರಿಯಲ್ಲಿ ಕೂತು ಎಲ್ಲ ಯಂತ್ರಗಳ ಸಮಯ ಕಾಯುವವನು. ಅವಳಂಥ ಹೊರಗಿನ ಕೆಲಸದವರು ಅವನಿಗಿಟ್ಟ ಹೆಸರು ಸೆಕೆಂಡಿನ ಮುಳ್ಳು.

"ಬೋರ್ಡು ಓದೋಕೆ ಬರಲ್ವಾ?" ಎಂದಳು.

"ಬರುತ್ತೆ. ಇಲ್ಲಿರೋರಿಗೆ ಗಡಿಯಾರ ನೋಡೋಕೆ ಬರಲ್ಲ, ಅದಕ್ಕೇ ಅನುಮಾನ ಬಂತು."

ಅವಳು ಹಲ್ಲು ಕಚ್ಚಿದಳು. ಬಿಚ್ಚಬೇಕೆಂದಿದ್ದ ಊಟದ ಡಬ್ಬಿಯನ್ನು ಅವನು ನೋಡುವಂತೆಯೇ ಚೀಲದೊಳಗೆ ತುರುಕಿದಳು.

"ಇಲ್ಲಿ ಊಟ ಗೀಟ ಸಿಗಲ್ಲ. ಮೊದಲೇ ಹೇಳಿದೀನಿ."

"ನಾನು ನೆಂಟಸ್ತಿಕೆಗೆ ಬಂದಿಲ್ಲ," ಎಂದ ಅವನು.

ಕೇಂದ್ರವೆಂದರೆ ಸೇತುವೆಯ ಪಕ್ಕ ಒಂದು ಕಬ್ಬಿಣದ ಕಂಬ, ಅದಕ್ಕೆ ಬಿಗಿದ ಪೆಟ್ಟಿಗೆ. ಅದು ನದಿಯ ನೀರಿನ ಮಟ್ಟ ಅಳೆದು ಉಪಗ್ರಹಕ್ಕೆ ಕಳಿಸಬೇಕು. ಪ್ರತಿ ಗಂಟೆಯ ಏಳನೇ ನಿಮಿಷದಲ್ಲಿ ಹತ್ತು ಸೆಕೆಂಡು ಅದರ ಸರದಿ. ಅದು ಮುಗಿದ ಕೂಡಲೇ ಹತ್ತನೇ ಕೇಂದ್ರದ್ದು. ಕಂಬದ ತುದಿಯ ಪುಟ್ಟ ಜಿಪಿಎಸ್ ಆಂಟೆನಾ ಆಕಾಶದಿಂದ ಸರಿಯಾದ ಸಮಯ ಪಡೆದು ಪೆಟ್ಟಿಗೆಯ ಗಡಿಯಾರವನ್ನು ತಿದ್ದುತ್ತಿರಬೇಕು. ಬೇರೆ ದಾರಿಯಿಲ್ಲ. ಆ ಹಳೆಯ ಪೆಟ್ಟಿಗೆಗೆ ಕೈಯಿಂದ ಸಮಯ ತುಂಬಲಾಗದು.

ಆರು ವಾರದಿಂದ ಆಂಟೆನಾ ಕಿವುಡಾಗಿತ್ತು. ಗಡಿಯಾರ ಎರಡು ಸೆಕೆಂಡು ಹಿಂದೆ ಬಿದ್ದಿತ್ತು. ಹಾಗೆ ತಡವಾಗಿ ಹೊರಟ ಇದರ ಸಂದೇಶದ ಬಾಲ ಪಕ್ಕದವರ ಸರದಿಯ ಮೇಲೆ ಬಿದ್ದು, ಎರಡೂ ಕೆಡುವ ಅಪಾಯವಿತ್ತು.

ಇಂದು ನಾಲ್ಕು ಗಂಟೆ ಏಳು ನಿಮಿಷದ ಸಂದೇಶವೂ ತಡವಾದರೆ ಒಂಬತ್ತನೇ ಕೇಂದ್ರವನ್ನು ಮುಚ್ಚುವುದು ಎಂದು ಕಚೇರಿಯ ಆದೇಶ ಬಂದಿತ್ತು.

ಮುಚ್ಚಿದರೆ? ಕೆಳಗಿನ ಊರಿನಲ್ಲಿ ಅವಳ ಅಕ್ಕನ ಮನೆಯಿತ್ತು, ನದಿಗೆ ನೂರು ಹೆಜ್ಜೆ ದೂರದಲ್ಲಿ. ನೀರು ಏರಿದರೆ ಆ ಓಣಿಗೆ ಮೊದಲು ಹೇಳುವುದು ಈ ಪೆಟ್ಟಿಗೆಯೇ.

ಈ ಮನುಷ್ಯನಿಗೆ ಅದೆಲ್ಲ ಎಲ್ಲಿ ಅರ್ಥವಾಗಬೇಕು? ಫ್ಯಾನಿನ ಕೆಳಗೆ ಕೂತು ಅಂಕಿ ಎಣಿಸುವವನಿಗೆ...

"ಕೇಬಲ್ ಬದಲಾಯಿಸಿದೆ. ಬ್ಯಾಟರಿ ಬದಲಾಯಿಸಿದೆ. ಕೇಬಲಿನ ಜೋಡಣೆಗಳೊಳಗೆ ನೀರು ಹೋಗಿದೆಯಾ ಅಂತ ಮೂರು ಸಲ ನೋಡಿದೆ," ಎಂದಳು. "ತಪ್ಪು ನಿಮ್ಮ ಕಚೇರಿಯದ್ದೇ."

"ಹೌದೌದು. ಉಪಗ್ರಹಗಳಿಗೂ ನಿಮ್ಮ ಮೇಲೇ ಕೋಪ."

ಅವನು ಏಣಿ ಒರಗಿಸಿದ. ಕೆಳಗಿನ ಮೆಟ್ಟಿಲಿನ ಕೆಸರನ್ನು ತನ್ನ ಕರವಸ್ತ್ರದಿಂದ ಒರೆಸಿ, ಏಣಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಅವಳು ಅದನ್ನು ನೋಡಿದಳು. ನೋಡಿಲ್ಲವೆಂಬಂತೆ ಹತ್ತಿದಳು.

"ಮೇಲೆ ಏನು ಮಿಂಚ್ತಿದೆ?" ಕೆಳಗಿನಿಂದ ಅವನ ದನಿ.

"ಆಂಟೆನಾ. ಮಾಸಿತ್ತು, ಬೆಳ್ಳಿ ಬಣ್ಣ ಬಳಿದೆ. ನಿಮ್ಮಂಥವರು ಬಂದ್ರೆ ನೋಡೋಕಾದ್ರೂ ಚೆನ್ನಾಗಿರಲಿ ಅಂತ."

"ಯಾವಾಗ ಬಳಿದ್ರಿ?"

"ಆರು ವಾರ..."

ಅವಳು ಆಂಟೆನಾದ ಬಣ್ಣವನ್ನು ಉಗುರಿನಿಂದ ಕೆರೆದು ನೋಡಿದಳು.

ಬೆಳ್ಳಿ ಬಣ್ಣ. ಅಲ್ಯೂಮಿನಿಯಂ ಪುಡಿ ಬೆರೆಸಿದ ಬಣ್ಣ. ಅಂದರೆ ಆಂಟೆನಾದ ತಲೆಗೆ ಅವಳು ತನ್ನ ಕೈಯಾರೆ ಆಕಾಶದ ಸಂಕೇತ ತಡೆಯುವ ಲೋಹದ ಟೋಪಿ ಹಾಕಿದ್ದಳು. ಅದೂ ಎರಡು ಪದರ, ಅಕ್ಕರೆಯಿಂದ!

ಇಷ್ಟು ದಿನ ಈ ಮನುಷ್ಯನಿಗಾಗಿ ಕೂಡಿಟ್ಟಿದ್ದ ತಿರಸ್ಕಾರವೆಲ್ಲ ಒಂದೇ ಸಲ ಅವಳ ಮೇಲೇ ತಿರುಗಿತು. ರೇಡಿಯೋ ರಿಪೇರಿಯವನ ಮಗಳಂತೆ... ಎಂಥ ಮಗಳು?

"ನಗಿ," ಎಂದಳು ತಿರುಗಿ ನೋಡದೆ. "ನಕ್ಕು ಮುಗಿಸಿ."

ನಗು ಕೇಳಿಸಲಿಲ್ಲ. ಅವನು ಕೈ ಚಾಚಿ ಒಂದು ಸಣ್ಣ ಚಾಕು ಮೇಲಕ್ಕೆ ಕೊಟ್ಟ.

"ನಿಧಾನವಾಗಿ ಕೆರೀರಿ. ಒಳಗಿನ ಪ್ಲಾಸ್ಟಿಕ್ ಒಡೀಬಾರದು. ಇನ್ನೂ ಒಂದು ಗಂಟೆ ಇದೆ."

ಅವಳು ಕೆರೆದಳು. ಬೆಳ್ಳಿಯ ಹೊಟ್ಟು ಅವನ ತಲೆಯ ಮೇಲೆ ಉದುರುತ್ತಲೇ ಇತ್ತು. ಅವನು ಏಣಿ ಬಿಡಲಿಲ್ಲ.

ಮೂರು ಐವತ್ತಕ್ಕೆ ಪೆಟ್ಟಿಗೆಯ ಹಸಿರು ದೀಪ ಒಮ್ಮೆ ಮಿಣುಕಿತು. ಆಮೇಲೆ ಆರದೆ ಉರಿಯಿತು. ಸಮಯ ಸಿಕ್ಕಿತ್ತು.

ನಾಲ್ಕು ಏಳು ಆಗುವವರೆಗೆ ಇಬ್ಬರೂ ಆ ದೀಪವನ್ನೇ ನೋಡುತ್ತ ನಿಂತರು. ಆಮೇಲೆ ಅವನ ಫೋನ್ ಬಡಿದುಕೊಂಡಿತು. ಕಚೇರಿಯ ಮೇಡಂ. ಅವರ ದನಿ ಫೋನಿನಿಂದ ಹೊರಗೂ ಕೇಳುವಷ್ಟು ದೊಡ್ಡದು.

"ಒಂಬತ್ತು ಸರಿಯಾಗಿ ಬಂತು ಕಣಪ್ಪಾ. ಕೂದಲೆಳೆಯಷ್ಟೂ ತಡ ಇಲ್ಲ. ಮುಚ್ಚೋ ಕಾಗದ ಹರಿದು ಹಾಕ್ತೀನಿ. ಇನ್ನಾದ್ರೂ ನೀನು ಹತ್ತನೇ ಕೇಂದ್ರದವರ ಕಾಲು ಹಿಡಿಯೋದು ತಪ್ಪಿತಲ್ಲ! ಆರು ವಾರ, ಪ್ರತಿ ಸೋಮವಾರ, ನಿಮ್ಮ ಸರದಿ ಸ್ವಲ್ಪ ತಡವಾಗಿ ಇಟ್ಕೊಳ್ಳಿ, ಒಂಬತ್ತು ಉಳೀಲಿ ಅಂತ..."

ಅವನು ಆತುರದಿಂದ ಫೋನ್ ಕೆಳಗಿಳಿಸಿದ. ಕಿವಿ ಕೆಂಪಾಗಿತ್ತು.

ಅವಳು ಅವನನ್ನೇ ನೋಡಿದಳು.

"ಮುಚ್ಚೋಕೆ ಬಂದಿದ್ದಲ್ವಾ ನೀವು?"

"ನೀವು ಬದಲಾಯಿಸಿದ ಕೇಬಲ್ಲೂ ಹಳೇದೇ ಇರಬಹುದು ಅಂತ ಹೊಸದು ತಂದಿದ್ದೆ. ಉಗ್ರಾಣದಲ್ಲಿ ಕೇಳಿದ್ರೆ ವರ್ಷ ಆಗುತ್ತೆ. ಬೆಳಿಗ್ಗೆ ನಾನೇ ಬೆಸುಗೆ ಹಾಕಿದೆ." ಜೀಪಿನ ಸೀಟಿನ ಮೇಲೆ ಸುರುಳಿ ಸುತ್ತಿದ ಹೊಸ ಕೇಬಲ್ ಇತ್ತು. ಅಂಗಿಯ ವಾಸನೆಯ ಗುಟ್ಟು ಅಷ್ಟೇ.

"ಮತ್ತೆ ದಿನಾ ಫೋನ್ ಮಾಡಿ ಬೈತಿದ್ದದ್ದು?"

ಅವನು ತಲೆಯ ಮೇಲಿನ ಬೆಳ್ಳಿ ಹೊಟ್ಟು ಕೊಡವಿದ. ಹೆಚ್ಚೇನೂ ಉದುರಲಿಲ್ಲ.

"ಮೊದಲನೇ ವಾರ ನಿಜವಾಗಿ ಸಿಟ್ಟಿತ್ತು."

"ಆಮೇಲೆ?"

"ಆಮೇಲೆ... ಬೈಯೋಕೆ ಅಂತಲಾದ್ರೂ ಫೋನ್ ಮಾಡ್ದೆ ಇದ್ರೆ ನಿಮ್ಮ ದನಿ ಹೇಗೆ ಕೇಳೋದು? ಇಷ್ಟು ಚೆನ್ನಾಗಿ ತಿರುಗಿಸಿ ಬೈಯೋರು ನನಗೆ ಬೇರೆ ಯಾರೂ ಇಲ್ಲ."

ಬಾಯಿಗೆ ಬಂದ ಚುಚ್ಚು ಮಾತನ್ನು ಅವಳು ಮೊದಲ ಬಾರಿಗೆ ನುಂಗಿಕೊಂಡಳು. ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಹತ್ತಿರ ಎಳೆದುಕೊಂಡು ಕಾಯುತ್ತಿದ್ದದ್ದು ಯಾಕೆ? ಭಾನುವಾರಗಳು ಅಷ್ಟು ಉದ್ದ ಅನಿಸುತ್ತಿದ್ದದ್ದು ಯಾಕೆ?

"ವರದಿಯಲ್ಲಿ ಬರೀರಿ," ಎಂದಳು. "ಬಣ್ಣ ಬಳಿದದ್ದು ನಾನೇ ಅಂತ."

"ಬರೀತೀನಿ. ಕೆರೆದದ್ದೂ ನೀವೇ ಅಂತ ಬರೀತೀನಿ."

"ನಾಳೆಯಿಂದ ಗಡಿಯಾರ ಸರಿಯಾಗಿರುತ್ತೆ. ಯಾವ ನೆಪದಲ್ಲಿ ಫೋನ್ ಮಾಡ್ತೀರಿ?"

"ನೀವೇ ಹೇಳಿ..."

"ನೆಪ ಬೇಡ," ಎಂದಳು ನದಿಯ ಕಡೆ ನೋಡುತ್ತ. "ಸುಮ್ನೆ ಮಾಡಿ."

ಕೇಂದ್ರ ಕಚೇರಿಯಿಂದ ಇಲ್ಲಿಗೆ ಐದು ಗಂಟೆಯ ದಾರಿ. ಬೆಳಿಗ್ಗೆಯೇ ಹೊರಟವನು ಏನೂ ತಿಂದಿಲ್ಲವೆಂದು ಅವನ ಒಣಗಿದ ತುಟಿಯೇ ಹೇಳುತ್ತಿತ್ತು. ಅವನಾಗಿ ಕೇಳುವ ಪೈಕಿಯವನಲ್ಲ.

ಅವಳು ಚೀಲದೊಳಗೆ ಕೈ ಹಾಕಿ ಡಬ್ಬಿ ತೆಗೆದಳು. ಮುಚ್ಚಳ ಬಿಚ್ಚಿ, ಚಮಚವನ್ನು ಸೆರಗಿನಲ್ಲಿ ಒರೆಸಿ, ಎರಡನ್ನೂ ಅವನ ಕೈಗಿಟ್ಟಳು.