ಹನ್ನೆರಡು ಪಂಜರದ ಕಾಗದ

ಔಷಧಿಯನ್ನೇ ಕಾಣದ ಇಲಿಗಳಿಗೆ ಕಾಯಿಲೆ ವಾಸಿಯಾಗಿತ್ತು. ಯಲಹಂಕದ ಆ ಪುಟ್ಟ ಪ್ರಯೋಗಾಲಯದಲ್ಲಿ ಇದಕ್ಕಿಂತ ದೊಡ್ಡ ಅಪರಾಧವಿಲ್ಲ.

ಪದೇ ಪದೇ ಉಚ್ಚೆ ಬರುವ ಕಾಯಿಲೆಗೆ ಹೊಸ ಔಷಧಿಯ ಪರೀಕ್ಷೆ ಅದು. ಕಾಯಿಲೆಯಿದ್ದ ಹನ್ನೆರಡು ಇಲಿ. ಆರಕ್ಕೆ ಔಷಧಿ, ಆರಕ್ಕೆ ಬರೀ ನೀರು. ಪಂಜರದ ಜಾಲರಿಯ ಕೆಳಗೆ ಹೀರುಕಾಗದ ಹಾಸಿ, ಹತ್ತರಿಂದ ಎರಡು ಗಂಟೆಯವರೆಗೆ ಬಿದ್ದ ಕಲೆ ಎಣಿಸಬೇಕು. ಬರೀ ನೀರಿನ ಇಲಿಗಳದ್ದು ಹೋದ ವಾರ ನಲವತ್ತು ಕಲೆ. ಈ ವಾರ ಎಂಟು.

"ಕಾಗದ ಹಾಸೋನು ಸುನೀಲ್. ಅವನದೇ ಕೈಚಳಕ. ಸಂಜೆಯೊಳಗೆ ರಾಜೀನಾಮೆ ಕೊಡ್ಲಿ," ಎಂದರು ಮ್ಯಾನೇಜರ್ ವೀರಬಸಪ್ಪ. ಪಶುವೈದ್ಯೆ ನೂರೀನ್ ಸಂಜೆಯವರೆಗೆ ಸಮಯ ಕೇಳಿದಳು.

*

ಸುನೀಲನ ಮುಖ ಬಾಡಿತ್ತು. "ನಾನು ಮುಟ್ಟಿಲ್ಲ ಮೇಡಮ್. ಹತ್ತಕ್ಕೆ ಹಾಸಿದ್ದು, ಎರಡಕ್ಕೆ ತೆಗೆದಿದ್ದು."

"ಮಧ್ಯೆ?"

"ಒಂದಕ್ಕೆ ಊಟ. ಎಲ್ಲಾರೂ ಹೋಗ್ತೀವಲ್ಲ."

ನೂರೀನ್ ನೀರಿನ ಬಾಟಲಿಗಳನ್ನು ಅಳೆದಳು. ಇಲಿಗಳು ಎಂದಿನಷ್ಟೇ ಕುಡಿದಿದ್ದವು. ಹಾಗಾದರೆ ಅಷ್ಟು ನೀರು ಹೋಗಿದ್ದೆಲ್ಲಿಗೆ? ಅವಳು ಕಾಗದಗಳನ್ನು ತಿರುಗಿಸಿ ನೋಡಿದಳು. ನಾಲ್ಕೂ ಅಂಚು ಒಳಗೆ ಮಡಚಿತ್ತು.

"ಅಂಚು ನೀನು ಮಡಚ್ತೀಯಾ?"

"ಇಲ್ಲ ಮೇಡಮ್, ಹಂಗೇ ಹಾಸ್ತೀನಿ."

ಕೂಸಿಗೆ ಒತ್ತದಿರಲಿ ಎಂದು ತೊಟ್ಟಿಲ ಬಟ್ಟೆಯನ್ನು ಹೀಗೆಯೇ ಮಡಚುತ್ತಾರೆ. ಊಟದ ಹೊತ್ತಿನಲ್ಲಿ ಒಳಗಿರುವವಳು ಒಬ್ಬಳೇ, ಪಂಜರ ತೊಳೆಯುವ ಮುನಿಕೆಂಪಮ್ಮ.

*

"ಕಾಗದ ಬದಲಾಯಿಸಿದ್ದು ನೀವಾ?"

"ಊ ಮೇಡಮ್. ಸೋಮ್ವಾರ ಈ ರೂಮಿಗೆ ಆಕಿದ್ರಲ್ಲ, ಅವತ್ತಿಂದ. ಪಾಪ, ನೆಂದೋಗಿರ್ತದೆ." ಅವಳು ತಲೆ ತಗ್ಗಿಸಿದಳು. "ಒದ್ದೇಲಿ ಕೂರೋದು ಎಂಗಿರ್ತದೆ ಅಂತ ನಂಗೊತ್ತು. ಅಬ್ಬಿಗೆರೆಯಿಂದ ಬಸ್ಸಲ್ಲಿ ಬರೋವರ್ಗೂ ತಡ್ಕೊಳಕಾಗಲ್ಲ. ಎಲ್ಡು ವರ್ಸ ಆಯ್ತು, ಮನೆ ಬಿಟ್ಮೇಲೆ ನೀರೇ ಕುಡ್ಯಲ್ಲ."

ನೂರೀನ್ ಎರಡು ವರ್ಷ ಇದೇ ಕಾಯಿಲೆಯ ಲೆಕ್ಕ ಬರೆದವಳು, ಪಕ್ಕದ ಕೋಣೆಯಲ್ಲೇ ಇದ್ದವಳನ್ನು ನೋಡಿರಲಿಲ್ಲ.

"ಆ ಒದ್ದೆ ಕಲೆ ಎಣಿಸಿಯೇ ಔಷಧಿ ಹಿಡಿಯುತ್ತಾ ಇಲ್ವಾ ಅಂತ ಗೊತ್ತಾಗೋದು, ಅಮ್ಮ."

"ಅಯ್ಯೋ, ಯಾರೂ ಏಳ್ನಿಲ್ವಲ್ಲ. ಆ ಔಷ್ದಿ ನಂಗೂ ಆಯ್ತದಾ?"

"ಇದು ಬರೋಕೆ ವರ್ಷಗಳು ಬೇಕು. ಬೇರೆ ಔಷಧಿ ಈಗ್ಲೇ ಇವೆ. ನಾಳೆ ಡಾಕ್ಟರ್ ಹತ್ರ ಹೋಗೋಣ, ನಾನೂ ಬರ್ತೀನಿ."

*

"ಒದ್ದೆಯಾಗಿದೆ ಅಂತ ಮುನಿಕೆಂಪಮ್ಮ ಒಂದು ಗಂಟೆ ಮೇಲೆ ಹೊಸ ಕಾಗದ ಹಾಸಿದ್ದಾರೆ ಸರ್. ಎಂಟು ಕಲೆ ಅಷ್ಟು ಹೊತ್ತಿನದು ಮಾತ್ರ. ಸುನೀಲ್ ತಪ್ಪಿಲ್ಲ," ಎಂದಳು ನೂರೀನ್.

"ಹಾಗಾದ್ರೆ ಆಯಮ್ಮನ್ನ ತೆಗೀರಿ," ಎಂದರು ವೀರಬಸಪ್ಪ.

"ಕಾಗದ ಯಾತಕ್ಕೆ ಅಂತ ಅವರಿಗೆ ಹೇಳಬೇಕಾದವಳು ನಾನು. ಹೇಳಲಿಲ್ಲ. ವರದಿಯಲ್ಲಿ ನನ್ನ ಹೆಸರೇ ಬರೆದಿದ್ದೀನಿ."

ವೀರಬಸಪ್ಪ ವರದಿಯನ್ನು ಎರಡು ಸಲ ಓದಿ ಸಹಿ ಹಾಕಿದರು. ಆ ವಾರದ ಪರೀಕ್ಷೆ ರದ್ದಾಯಿತು.

*

ಮುನಿಕೆಂಪಮ್ಮ ಡಾಕ್ಟರ್ ಕೊಟ್ಟ ಮಾತ್ರೆ ನುಂಗತೊಡಗಿ ಮೂರು ವಾರವಾಗಿತ್ತು. ಪರೀಕ್ಷೆ ಮತ್ತೆ ಶುರುವಾದ ದಿನ, ಊಟದ ಹೊತ್ತು. ನೂರೀನ್ ಬಾಗಿಲ ಸಂದಿಯಿಂದ ಇಣುಕಿದಳು. ಮುನಿಕೆಂಪಮ್ಮ ಕೈ ಹಿಂದೆ ಕಟ್ಟಿಕೊಂಡು ಪಂಜರಗಳ ಮುಂದೆ ನಿಂತಿದ್ದಳು.

"ವಸಿ ತಡ್ಕೊಳಿ ಮಕ್ಳಾ," ಎಂದಳು ಇಲಿಗಳಿಗೆ. "ಎಲ್ಡು ಗಂಟೆ ಆಗ್ಲಿ. ನಾನೂ ಕಾಯ್ತಿವ್ನಿ."

ಆಮೇಲೆ ಹೊರಗೆ ಬಂದು ಒಂದು ಲೋಟ ನೀರು ಪೂರ್ತಿ ಕುಡಿದಳು.