ಸಡಿಲ ತಂತಿಯ ಒಂಬತ್ತು ದಿನ

ಏಳು ಹೊಳೆ ದಾಟಿ, ಎಂಟನೆಯದರ ಹೆಸರು ಯಾರಿಗೂ ಗೊತ್ತಿಲ್ಲದ ಕಡೆ, ಬಹಳ ಹಿಂದೆ ಮಿಡಿನಾಡು ಅಂತ ಒಂದು ರಾಜ್ಯವಿತ್ತು. ಆ ನಾಡಿನಲ್ಲಿ ಮನೆಗೊಂದು ಕಿನ್ನರಿ. ಸೋರೆಬುರುಡೆ, ಬಿದಿರಿನ ದಂಡಿ, ಮೂರು ತಂತಿ, ಅಷ್ಟೇ ಅದು. ಒಲೆಯಿಲ್ಲದ ಮನೆಯಾದರೂ ಸಿಕ್ಕೀತು, ಕಿನ್ನರಿಯಿಲ್ಲದ ಮನೆ ಹುಡುಕಿದರೂ ಸಿಗುತ್ತಿರಲಿಲ್ಲ.

ಆ ಜನಕ್ಕೆ ಒಂದು ಪದ್ಧತಿ ಇತ್ತು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಕಿನ್ನರಿಯ ಮೂರನೇ ತಂತಿಯನ್ನು ಕೂದಲೆಳೆಯಷ್ಟು ಸಡಿಲ ಮಾಡುತ್ತಿದ್ದರು. ಸತ್ತವರಿಗೆ ಇಷ್ಟವಾದ ಹಾಡನ್ನು ಆ ಕೆಟ್ಟ ತಂತಿಯಲ್ಲೇ ನುಡಿಸುತ್ತಿದ್ದರು. ಕೇಳಿದವರಿಗೆ ಕಿವಿಯಲ್ಲಿ ಮುಳ್ಳಾಡಿಸಿದ ಹಾಗಾಗುತ್ತಿತ್ತು, ಅಳು ಬರುತ್ತಿತ್ತು. ಸತ್ತವರು ನೆರಳಾಗಿ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದರು. ದಿನಕ್ಕಿಷ್ಟು ಬಿರಡೆ ತಿರುಗಿಸಿ, ತಂತಿಯನ್ನು ಚೂರು ಚೂರೇ ಬಿಗಿ ಮಾಡುತ್ತಾ ಬಂದು, ಒಂಬತ್ತನೇ ದಿನ ಶ್ರುತಿ ಕೂಡಿಸುತ್ತಿದ್ದರು. ಕೂಡಿದ ಗಳಿಗೆಗೆ ನೆರಳು ಹೊಸ್ತಿಲು ಬಿಟ್ಟು ತನ್ನ ದಾರಿ ಹಿಡಿಯುತ್ತಿತ್ತು. ಮನೆಯವರು ಮುಖ ತೊಳೆದು ಒಲೆ ಹಚ್ಚುತ್ತಿದ್ದರು.

ಹೀಗಿರುವಾಗ ಅರಸ ಕೇತವರ್ಮನ ರಾಣಿ ತೀರಿಕೊಂಡಳು. ಅರಸ ತಾನೇ ತಂತಿ ಸಡಿಲ ಮಾಡಿ ಕೂತ. ಮೊದಲನೇ ದಿನ ನುಡಿಸಿದ. ಎರಡನೇ ದಿನ ಕಿನ್ನರಿಯನ್ನು ಗೋಡೆಗೆ ಬೀಸಿ ಒಗೆದ. "ನನ್ನ ರಾಜ್ಯದಲ್ಲಿ ಇನ್ನು ಈ ಸದ್ದು ಕೇಳಬಾರದು" ಅಂದ.

ಆ ಮಾತು ಮುಗಿಯುವ ಮೊದಲೇ ಮಧುಕಂಠನೆಂಬ ಮಾಂತ್ರಿಕ ಆಸ್ಥಾನಕ್ಕೆ ಬಂದ. ಹೆಗಲ ಮೇಲೊಂದು ತಾಮ್ರದ ಹಂಡೆ. ಮಾತಾಡಿದರೆ ಜೇನು ಸುರಿದಂಥ ದನಿ.

"ಅರಸ, ನಿನ್ನ ನಾಡಿನ ಅಪಸ್ವರವನ್ನೆಲ್ಲ ಈ ಹಂಡೆಗೆ ತುಂಬಿಕೊಂಡು ಹೋಗ್ತೀನಿ. ಬದಲಿಗೆ ದೊಡ್ಡದೇನೂ ಬೇಡ. ವರ್ಷ ತುಂಬಿದ ಮೇಲೂ ಹೊಸ್ತಿಲಲ್ಲಿ ನಿಂತಿರೋದೇನಾದ್ರೂ ಇದ್ರೆ, ಅದು ನನಗೆ."

ಅರಸ ಯೋಚಿಸಿದ. ಒಂಬತ್ತು ದಿನಕ್ಕಿಂತ ಹೆಚ್ಚು ಯಾರ ಹೊಸ್ತಿಲಲ್ಲಿ ಏನು ನಿಂತೀತು? "ತಗೋ ಹೋಗು" ಅಂದುಬಿಟ್ಟ. ಶ್ರುತಿ ಕೂಡಿಸದೆ ಬಿಟ್ಟ ರಾಣಿ ಅರಮನೆಯ ಬಾಗಿಲಲ್ಲಿ ಇನ್ನೂ ನಿಂತಿದ್ದಾಳೆ ಅನ್ನುವುದು ಅವನಿಗೆ ಹೊಳೆಯಲಿಲ್ಲ.

ಅಂದಿನಿಂದ ನಾಡು ಇಂಪಾಯಿತು. ತಂತಿಯನ್ನು ಎಷ್ಟು ಸಡಿಲ ಬಿಟ್ಟರೂ ಇಂಪು. ಗಾಡಿಯ ಅಚ್ಚು ಕಿರುಗುಟ್ಟುವುದನ್ನು ಬಿಟ್ಟಿತು, ಹಾಗಾಗಿ ಎಣ್ಣೆ ಬಿಡುವುದು ಮರೆತು ಗಾಡಿಗಳು ನಡುದಾರಿಯಲ್ಲಿ ಮುರಿದು ಬಿದ್ದವು. ಕೂಸುಗಳು ಅತ್ತರೆ ಜೋಗುಳದ ಹಾಗೆ ಕೇಳಿಸಿತು. ಹಸಿದಿದೆ ಅಂತ ತಾಯಂದಿರಿಗೆ ಗೊತ್ತಾಗದೆ ಎಷ್ಟೋ ಕೂಸುಗಳು ಬಡಕಲಾದವು. ಸಾವಿನ ಮನೆಯಲ್ಲಿ ಹೆಂಗಸರು ಗೋಳಾಡಲು ಬಾಯಿ ತೆರೆದರೆ ಸೋಬಾನೆ ಹೊರಬಂತು. ಅವರು ನಾಚಿ ಬಾಯಿಗೆ ಸೆರಗು ತುರುಕಿಕೊಂಡರು. ಸತ್ತವರು ಯಾರೂ ಹೋಗಲಿಲ್ಲ. ಹೊಸ್ತಿಲು ಹೊಸ್ತಿಲಿಗೂ ನೆರಳು. ವರ್ಷ ತುಂಬಿದ ದಿನ ಒಂದೊಂದು ನೆರಳೂ ಎದ್ದು, ಮಧುಕಂಠನ ಕೋಟೆಗೆ ನಡೆದು ಹೋಗಿ, ಅಲ್ಲಿ ಕಂಬವಾಗಿ ನಿಲ್ಲುತ್ತಿತ್ತು.

ಆ ನಾಡಿನ ಒಂದೂರಿನಲ್ಲಿ ದೇವೀರಿ ಅಂತ ಒಬ್ಬಳು, ಬೈಚ ಅಂತ ಅವಳ ತಮ್ಮ. ಹೆತ್ತವರಿಲ್ಲದ ತಮ್ಮನನ್ನು ದೇವೀರಿಯೇ ಸಾಕಿದ್ದಳು. ಆದರೆ ಬೈಚನ ಕಾಲು ಒಂದು ಕಡೆ ನಿಲ್ಲುವಂಥದ್ದಲ್ಲ. ಉಪ್ಪಿನ ಗಾಡಿಯವರ ಹಿಂದೆ ಹೋದ, ಕುರಿಮಂದೆಯ ಹಿಂದೆ ಹೋದ, ದೋಣಿಯವರ ಜೊತೆ ಹೋದ. ಮೂರು ವರ್ಷದ ಮೇಲೆ ಒಂದು ಮಧ್ಯಾಹ್ನ ಊರಿಗೆ ಬಂದರೆ, ಅಕ್ಕ ಹೊಸ್ತಿಲಲ್ಲೇ ನಿಂತಿದ್ದಳು.

"ಅಕ್ಕಾ!" ಅಂತ ಕೈ ಹಿಡಿಯಲು ಹೋದ. ಕೈ ಅವಳನ್ನು ಹಾದು ಆಚೆ ಹೋಯಿತು.

ಪಕ್ಕದ ಮನೆಯ ಸೂಲಗಿತ್ತಿ ದ್ಯಾವಮ್ಮ ಜಗಲಿಯಿಂದಲೇ ಕೂಗಿದಳು. "ಈಗ ಬಂದ್ಯಾ ದೊರೆ? ಬಾ, ಆರತಿ ಎತ್ತೋಣ. ಜ್ವರ ಬಂದು ಏಳು ದಿನ ನಿನ್ನ ಹೆಸರೇ ಹೇಳ್ತಿದ್ಲು. ಹೋಗಿ ವರ್ಷಕ್ಕೆ ಇನ್ನು ಇಪ್ಪತ್ತು ದಿನ ಉಳಿದಿದೆ."

ಬೈಚ ಕುಸಿದು ಕೂತ. ಅಳಬೇಕೆಂದು ಬಾಯಿ ತೆರೆದ. ಎಂಥ ಚೆಂದದ ಹಾಡು ಬಂತೆಂದರೆ, ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ ನಿಂತು ತಲೆದೂಗಿದ.

"ಇಪ್ಪತ್ತು ದಿನ ಆದ್ಮೇಲೆ?" ಅಂದ ಬೈಚ.

"ಕಲ್ಲು" ಅಂದಳು ದ್ಯಾವಮ್ಮ. "ನಮ್ಮ ಯಜಮಾನ್ರು ಹೋದ ಚೈತ್ರದಲ್ಲಿ ನಡೆದು ಹೋದ್ರು. ಹಿಂದೆ ಹಿಂದೇನೇ ಹೋದೆ ಕಣಪ್ಪ, ತಿರುಗೂ ನೋಡ್ಲಿಲ್ಲ."

ಬೈಚ ಮನೆಯ ಕಿನ್ನರಿಯನ್ನು ಬೆನ್ನಿಗೆ ಕಟ್ಟಿಕೊಂಡ. ಅಕ್ಕನ ಮುಖ ನೋಡುವ ಧೈರ್ಯವಿಲ್ಲದೆ ಪಕ್ಕಕ್ಕೆ ಸರಿದು ಹೊಸ್ತಿಲು ದಾಟಿದ. ಮಧುಕಂಠನ ಕೋಟೆಯ ದಾರಿ ಹಿಡಿದ.

ನಡೆದ, ನಡೆದ, ಏಳು ದಿನ ನಡೆದ. ಹೊಳೆ ದಾಟುವ ಕಡವಿನಲ್ಲಿ ಒಂದು ಹಳದಿ ಹಕ್ಕಿ ಹಾಡುತ್ತಿತ್ತು. ಎಂಟೆಂಟು ತಾಳದ ಪೆಟ್ಟಿನ ಒಂದು ಸಾಲು, ಮತ್ತೆ ಎಂಟು, ಮತ್ತೆ ಎಂಟು. ಕೇಳಿದವರ ಹೆಜ್ಜೆ ಆ ಎಂಟಕ್ಕೇ ಬಿದ್ದು, ಕಡವಿನ ಸುತ್ತಲೇ ಸುತ್ತುತ್ತಿದ್ದರು. ಸುತ್ತಿ ಸುತ್ತಿ ನಿಂತವರ ಮೇಲೆ ಪಾಚಿ ಬೆಳೆದಿತ್ತು. ಬೈಚನ ಕಾಲೂ ತಿರುಗಿತು. ಆಗ ಅವನಿಗೆ ಉಪ್ಪಿನ ಗಾಡಿಯವರು ಘಟ್ಟ ಹತ್ತುವಾಗ ಹಾಕುವ ಹೆಜ್ಜೆ ನೆನಪಾಯಿತು. ಅದು ಏಳರ ಹೆಜ್ಜೆ. ತೊಡೆ ತಟ್ಟಿಕೊಂಡು ಶುರು ಮಾಡಿದ: ಒಂದೆರಡುಮೂರು, ಒಂದೆರಡು, ಒಂದೆರಡು. ಹಕ್ಕಿ ಎಂಟು ಮುಗಿಸುವಷ್ಟರಲ್ಲಿ ಇವನು ಮುಂದಿನದಕ್ಕೆ ಕಾಲಿಟ್ಟಾಗಿತ್ತು.

"ತಪ್ಪು! ತಾಳ ತಪ್ಪು!" ಅಂತ ಹಕ್ಕಿ ಅರಚಿತು.

"ತಪ್ಪಿದ್ರೆ ನೀನೇ ಸರಿ ಮಾಡ್ಕೋ" ಅಂದ ಬೈಚ.

ಹಕ್ಕಿ ಅವನನ್ನು ಹಿಡಿಯಲು ಏಳಕ್ಕಿಳಿಯಿತು, ಮತ್ತೆ ಎಂಟಕ್ಕೆ ಹಾರಿತು, ಎಲ್ಲಿದ್ದೇನೆಂದು ತಿಳಿಯದೆ ಗಂಟಲು ಕಟ್ಟಿ ಸುಮ್ಮನಾಯಿತು. ಬೈಚ ಹೊಳೆ ದಾಟಿದ. ಪಾಚಿ ಹಿಡಿದವರು ಮೈ ಕೊಡವಿಕೊಂಡರು.

ನಡೆದ, ನಡೆದ, ಮತ್ತೆ ಏಳು ದಿನ ನಡೆದ. ಕಲ್ಲಿನ ಸೇತುವೆಯ ಮೇಲೆ ಸಿಂಹದ ಮೈ, ಎರಡು ಬಾಯಿಯ ಯಾಳಿಯೊಂದು ಮಲಗಿತ್ತು. ಎರಡು ಬಾಯಿಯೂ ಒಂದೇ ಹಾಡನ್ನು ಒಂದೇ ಉಸಿರಿನಲ್ಲಿ ಹಾಡುತ್ತಿದ್ದವು. ಅವೆರಡೂ ಕೂಡಿ ಹಾಡುವವರೆಗೆ ಸೇತುವೆಯ ಮೇಲೆ ಇರುವೆಯೂ ದಾಟುವಂತಿರಲಿಲ್ಲ. ಬೈಚ ಏನು ಹಾಡಿದರೂ ಇಂಪೇ ಬರುತ್ತಿತ್ತಲ್ಲ, ಹಾಡಿ ಕೆಡಿಸುವ ಹಾಗಿಲ್ಲ. ಎಡಗಡೆಯ ಬಾಯಿಯ ಹತ್ತಿರ ಹೋಗಿ ಕೂತ. ಬರೀ ಮಾತಿನಲ್ಲಿ ಹೇಳಿದ.

"ನಮ್ಮಕ್ಕ ಸಾಯೋವಾಗ ನಾನು ಇರ್ಲಿಲ್ಲ. ದೋಣಿಯವರ ಜೊತೆ ಮೀನು ಸುಟ್ಕೊಂಡು ತಿಂತಾ ಕೂತಿದ್ದೆ. ಅವತ್ತು ತುಂಬಾ ನಕ್ಕಿದ್ದೆ ಬೇರೆ."

ಎಡಗಡೆಯ ಬಾಯಿ ಒಂದು ಕ್ಷಣ ಉಸಿರು ಹಿಡಿಯಿತು. ಮತ್ತೆ ಶುರು ಮಾಡುವಾಗ ಒಂದು ಪೆಟ್ಟು ಹಿಂದೆ ಬಿದ್ದಿತ್ತು. ಅದೇ ಹಾಡು, ಅವೇ ಸ್ವರ, ಆದರೆ ಒಂದು ಪೆಟ್ಟು ಹಿಂದೆ. ಹಾಡು ತನ್ನನ್ನೇ ತಾನು ಹಾಯತೊಡಗಿತು.

"ಲೇ, ಜಾರಿದೆ ನೀನು!" ಅಂತು ಬಲಬಾಯಿ.

"ನಾನ್ಯಾಕೆ ಜಾರ್ಲಿ? ಓಡ್ತಿರೋನು ನೀನು!"

"ನೂರು ವರ್ಷದಿಂದ ನಿನ್ನ ಹೊತ್ಕೊಂಡು ಹಾಡ್ತಿದ್ದೀನಿ, ನನಗೇ ಹೇಳ್ತೀಯಾ?"

ಜಗಳ ಹತ್ತಿತು. ಯಾಳಿ ಎರಡು ಕಡೆಗೂ ಎಳೆದಾಡಿ ಹೊಳೆಗೆ ಉರುಳಿತು. ಉರುಳುವಾಗಲೂ ಎರಡು ಬಾಯಿ ಬೈದಾಡುತ್ತಲೇ ಇದ್ದವು.

ನಡೆದ, ನಡೆದ, ಇನ್ನು ಆರು ದಿನ ನಡೆದ. ಇಪ್ಪತ್ತನೇ ದಿನ ಮಧ್ಯಾಹ್ನ ಕೋಟೆ ಸಿಕ್ಕಿತು. ಒಳಗೆ ಕಂಬಗಳ ಕಾಡು. ಪ್ರತಿ ಕಂಬಕ್ಕೂ ಮುಖ. ಮೊಟ್ಟಮೊದಲ ಕಂಬಕ್ಕೆ ರಾಣಿಯ ಮುಖ. ನಡುವೆ ಮೇಣ ಮೆತ್ತಿ ಮುಚ್ಚಿದ ಹಂಡೆ. ಹಂಡೆಯ ಪಕ್ಕ ಮಧುಕಂಠ.

ಬೈಚ ನೋಡುತ್ತಿದ್ದಂತೆಯೇ ಅವನ ಅಕ್ಕ ಬಾಗಿಲಿನಿಂದ ಒಳಗೆ ನಡೆದು ಬಂದಳು. ಖಾಲಿಯಿದ್ದ ಪೀಠದ ಮೇಲೆ ನಿಂತಳು. ಅವಳ ಪಾದ ಕಲ್ಲಾಯಿತು.

"ಬೈಚ, ಅಳೋದ್ಯಾಕಪ್ಪ?" ಅಂದ ಮಧುಕಂಠ. "ಅಕ್ಕ ಬೇಕು ತಾನೆ? ತಗೋ."

ಅವನು ಬಾಯಿ ತೆರೆದ. ದೇವೀರಿಯ ದನಿ ಬಂತು. ಅವಳು ರಾಗಿ ಬೀಸುವಾಗ ಹಾಡುತ್ತಿದ್ದ ಹಾಡೇ ಬಂತು. ಬೈಚನ ಎದೆ ಕರಗಿ ನೀರಾಯಿತು. ಹಾಡು ಮೇಲೆ ಮೇಲೆ ಹತ್ತಿತು. ಹತ್ತಿ ತುದಿ ಮುಟ್ಟಿತು, ಎಲ್ಲೂ ಒಡೆಯಲಿಲ್ಲ.

ಬೈಚ ಕಣ್ಣೊರೆಸಿಕೊಂಡ. "ನಮ್ಮಕ್ಕನಿಗೆ ಆ ಸ್ವರ ಯಾವತ್ತೂ ಹತ್ತಿಲ್ಲ. ಅಲ್ಲಿಗೆ ಬಂದ್ರೆ ಗಂಟಲು ಕಿರ್ರ್ ಅನ್ನೋದು, ಕೆಮ್ಮಿ ನಗೋಳು. ಇವಳ್ಯಾರೋ ಬೇರೆ."

ಬಂದವರೆಲ್ಲ ಆ ದನಿಗೆ ಸೋತು ಕಾಲಿಗೆ ಬಿದ್ದಿದ್ದರೇ ಹೊರತು ಬೇಡವೆಂದವರು ಒಬ್ಬರೂ ಇರಲಿಲ್ಲ. ಏನು ಮಾಡಬೇಕೆಂದು ಮಧುಕಂಠನಿಗೆ ತೋಚುವಷ್ಟರಲ್ಲಿ ಬೈಚ ಹಂಡೆಯನ್ನು ಜಾಡಿಸಿ ಒದ್ದ.

ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದ. ಹೋಗಲಿಲ್ಲ. ಎರಡು ವರ್ಷದ ಅಳು, ಕಿರುಚು, ಅಚ್ಚಿನ ಕಿರುಗು, ಹಸಿದ ಕೂಸುಗಳ ಚೀರಾಟ ಒಟ್ಟಿಗೇ ಹೊರಗೆ ನುಗ್ಗಿತು. ಕೋಟೆಯ ಗೋಡೆ ಸೀಳಿತು. ದೂರದ ಊರುಗಳಲ್ಲಿ ದನಗಳು ಹಗ್ಗ ಹರಿದು ಓಡಿದವು, ಜನ ಕಿವಿ ಮುಚ್ಚಿಕೊಂಡು ನೆಲಕ್ಕೆ ಬಿದ್ದರು. ಕಂಬಗಳು ಮತ್ತೆ ನೆರಳಾದವು, ಆದರೆ ಒಂದು ನೆರಳೂ ಪೀಠ ಬಿಟ್ಟು ಕದಲಲಿಲ್ಲ. ಬಾಯಿ ತೆರೆದು ನಿಂತವು, ಅಷ್ಟೇ.

"ಕೇಳಿಸ್ಕೋ" ಅಂದ ಮಧುಕಂಠ. "ಇದನ್ನೇ ಅಲ್ವಾ ನೀನು ಬೇಡಿಕೊಂಡು ಬಂದಿದ್ದು?"

ಬೈಚನ ಕಿವಿಯಿಂದ ರಕ್ತ ಇಳಿಯುತ್ತಿತ್ತು. ಅವನು ಅಕ್ಕನ ಪೀಠದ ಕೆಳಗೆ ಕೂತು, ಕಿನ್ನರಿ ಬಿಚ್ಚಿ, ಮೂರನೇ ತಂತಿಯನ್ನು ಕೂದಲೆಳೆಯಷ್ಟು ಸಡಿಲ ಮಾಡಿದ. ರಾಗಿ ಬೀಸುವ ಹಾಡನ್ನು ನುಡಿಸಿದ. ಹಾಡು ಕೆಟ್ಟದಾಗಿ, ಒರಟಾಗಿ, ನಿಜವಾಗಿ ಕೇಳಿಸಿತು. ಬೈಚ ಗೊಳೋ ಅಂತ ಅತ್ತ. ಆ ಅಳು ಅಳುವಿನ ಹಾಗೆಯೇ ಇತ್ತು.

ಗಾಳಿಯಲ್ಲಿ ದಿಕ್ಕೆಟ್ಟು ಹಾರುತ್ತಿದ್ದ ಅಪಸ್ವರಗಳು ಅದನ್ನು ಕೇಳಿ ನಿಧಾನಿಸಿದವು. ಒಂದೊಂದೇ ಬಂದು ಹಾಡಿನ ಸುತ್ತ ಕೂತವು. ಹಾಡು ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ಅವೂ ತಮ್ಮ ಜಾಗ ಹುಡುಕಿಕೊಂಡು ಒಳಗೆ ಸೇರಿದವು.

ಎರಡನೇ ದಿನ ಅರಸ ಕೇತವರ್ಮ ಕುದುರೆಯ ಮೇಲೆ ಬಂದ. ಬೈಚ ಹೋದ ಸುದ್ದಿ ಹಿಡಿದು ಆಗಲೇ ಹೊರಟಿದ್ದ ಊರೂರಿನ ಜನ, ದ್ಯಾವಮ್ಮನೂ ಸೇರಿ, ಅವನ ಹಿಂದೆ ಕಿನ್ನರಿ ಹೊತ್ತು ಬಂದರು. ಅರಸ ರಾಣಿಯ ಕಾಲ ಬಳಿ ಕೂತು, ಒಡೆದು ಅಂಟಿಸಿದ ಕಿನ್ನರಿಯನ್ನು ಮಡಿಲಲ್ಲಿಟ್ಟುಕೊಂಡ. ಬಿರಡೆ ಹಿಡಿದು ಬೈಚನ ಕಡೆ ತಿರುಗಿದ.

"ಎಷ್ಟು ಸಡಿಲ ಮಾಡ್ಬೇಕಪ್ಪ? ಮರೆತೇ ಹೋಗಿದೆ."

"ಕೂದಲೆಳೆಯಷ್ಟು ಸಾಕು, ದೊರೆ. ಜಾಸ್ತಿ ಬಿಟ್ರೆ ತಂತಿ ಜೋತುಬೀಳುತ್ತೆ, ಆಮೇಲೆ ಶ್ರುತಿಗೆ ತರೋಕಾಗಲ್ಲ."

ನೂರಾರು ಕಿನ್ನರಿ ನುಡಿದವು. ಒಬ್ಬೊಬ್ಬರದು ಒಂದೊಂದು ಹಾಡು. ಒಂದು ಏಳರಲ್ಲಿ, ಒಂದು ಐದರಲ್ಲಿ, ಒಂದಕ್ಕೆ ಲೆಕ್ಕವೇ ಇಲ್ಲ. ಒಂದರ ಮೇಲೊಂದು ಬಿದ್ದು, ಗುದ್ದಾಡಿ, ಎಲ್ಲೋ ಒಂದು ಕಡೆ ಕೂಡಿ, ಮತ್ತೆ ಬೇರೆಯಾಗಿ, ಅದೆಲ್ಲ ಸೇರಿ ಒಂದೇ ಉದ್ದನೆಯ ಹಾಡಾಯಿತು. ಅದನ್ನು ಮುಚ್ಚಲು ಮಧುಕಂಠ ತನ್ನ ಇಂಪಾದ ಒಂದೇ ಸ್ವರವನ್ನು ಎತ್ತಿ ಹಿಡಿದ. ಬಿಡದೆ ಹಿಡಿದ. ಹಾಡು ಮುಂದೆ ಮುಂದೆ ಹೋಯಿತು, ಅವನ ಸ್ವರ ನಿಂತಲ್ಲೇ ನಿಂತಿತು. ಎಂಟನೇ ದಿನದ ಹೊತ್ತಿಗೆ ಆ ನಾಡಿನಲ್ಲಿ ಹಾಡಿಗೆ ಸೇರದ ಸ್ವರ ಅಂತ ಉಳಿದದ್ದು ಅದೊಂದೇ. ಅಪಸ್ವರವೆಲ್ಲ ಹಂಡೆಗೆ ಬರಲಿ ಅಂತ ಅವನೇ ಹಾಕಿದ್ದ ಮಂತ್ರ, ಬೈಚನ ಒದೆಗೆ ಸೊರಗಿದ್ದರೂ, ಒಂದು ಸ್ವರ ಎಳೆಯುವಷ್ಟು ಇನ್ನೂ ಜೀವಂತವಿತ್ತು. ಹಂಡೆ ಅವನ ಸ್ವರವನ್ನು ಎಳೆದುಕೊಂಡಿತು. ಸ್ವರದ ಹಿಂದೆ ಗಂಟಲು ಹೋಯಿತು, ಗಂಟಲಿನ ಹಿಂದೆ ಅವನೂ ಹೋದ. ದ್ಯಾವಮ್ಮ ಎದ್ದು ಬಂದು ಮುಚ್ಚಳ ಹಾಕಿ ಮೇಣ ಮೆತ್ತಿದಳು.

ಒಂಬತ್ತನೇ ದಿನ ಬೈಚ ಶ್ರುತಿ ಕೂಡಿಸಬೇಕಿತ್ತು. ಬಿರಡೆಗೆ ಕೈ ಹಾಕಿದ. ಇನ್ನೊಂದೇ ಒಂದು ಸುತ್ತು. ತಲೆಯೆತ್ತಿ ಅಕ್ಕನನ್ನು ನೋಡಿದ. ಕೈ ತೆಗೆದುಬಿಟ್ಟ.

ಹತ್ತನೇ ದಿನ ಅರಸನ ತಂತಿ ಕೂಡಿತು, ರಾಣಿ ಪೀಠದಿಂದ ಇಳಿದು ಹೋದಳು. ಉಳಿದವರೂ ಹೋದರು. ದ್ಯಾವಮ್ಮನ ಯಜಮಾನ ಈ ಸಲ ತಿರುಗಿ ನೋಡಿಯೇ ಹೋದ. ಖಾಲಿ ಪೀಠಗಳ ನಡುವೆ ದೇವೀರಿಯೊಬ್ಬಳೇ ನಿಂತಿದ್ದಳು. ಬೈಚ ಸಡಿಲ ತಂತಿಯನ್ನು ಮೀಟುತ್ತಲೇ ಇದ್ದ. ಅವಳ ಪಾದ ಮತ್ತೆ ಕಲ್ಲಿನ ಬಣ್ಣಕ್ಕೆ ತಿರುಗುತ್ತಿತ್ತು.

ಅರಸ ಬಂದು ಅವನ ಪಕ್ಕದಲ್ಲಿ ನೆಲಕ್ಕೇ ಕೂತ. "ಯಾಕಪ್ಪ ತಿರುಗಿಸಲ್ಲ?"

"ಸಾಯೋವಾಗ್ಲೂ ನಾನಿರ್ಲಿಲ್ಲ, ದೊರೆ. ಈಗ ಕಳಿಸಿಬಿಟ್ರೆ, ಊರು ಬಿಟ್ಟ ಮೇಲೆ ಅವಳ ಜೊತೆ ನಾನಿದ್ದದ್ದು ಹತ್ತೇ ದಿನ ಆಗುತ್ತೆ."

"ನಾನು ಒಂದು ದಿನ ಕೂತು ಎದ್ದುಬಿಟ್ಟೆ" ಅಂದ ಅರಸ. "ನೀನು ಹತ್ತು ದಿನ ಕೂತಿದ್ದೀಯ. ಅವಳ ಕಾಲು ನೋಡು."

ಬೈಚ ನೋಡಿದ. ಕಣ್ಣು ಮುಚ್ಚಿಕೊಂಡು ಬಿರಡೆ ತಿರುಗಿಸಿದ. ಮೂರು ತಂತಿಯೂ ಒಂದೇ ಆಗಿ ನುಡಿದವು. ಕಣ್ಣು ಬಿಟ್ಟಾಗ ಪೀಠದ ಮೇಲೆ ಬಿಸಿಲು ಬಿದ್ದಿತ್ತು.

ಮಿಡಿನಾಡಿನಲ್ಲಿ ಗಾಡಿಗಳು ಮತ್ತೆ ಕಿರುಗುಟ್ಟಿದವು, ಜನ ಎಣ್ಣೆ ಬಿಟ್ಟರು. ಕೂಸುಗಳು ಚೀರಿದವು, ತಾಯಂದಿರು ಓಡಿ ಬಂದು ಹಾಲು ಕೊಟ್ಟರು. ಅರಸ ಕೋಟೆಯ ಕಲ್ಲು ಕಿತ್ತು ಹೊಳೆಯ ಕಡವಿಗೆ ಮೆಟ್ಟಿಲು ಕಟ್ಟಿಸಿದ. ಬೈಚ ಊರಿಗೆ ಹೋಗಿ ಅಕ್ಕನ ಮನೆಯ ಬಾಗಿಲು ತೆರೆದ. ಹೊಸ್ತಿಲು ಖಾಲಿ ಇತ್ತು. ದಾಟಿ ಒಳಗೆ ಹೋಗಲು ಬಹಳ ಹೊತ್ತು ಹಿಡಿಯಿತು. ಹೋದ ಮೇಲೆ ಬೀಸುವ ಕಲ್ಲಿನ ಧೂಳು ಒರೆಸಿ, ಎರಡು ಹಿಡಿ ರಾಗಿ ಹಾಕಿ, ಬೀಸತೊಡಗಿದ. ಅವರೆಲ್ಲ ಹಾಗೆ ಸುಖವಾಗಿ ಬಾಳಿದರು, ಅಳು ಬಂದಾಗ ಅತ್ತು, ಹಸಿವಾದಾಗ ಉಂಡು. ಕೇಳಿದ ನೀವೂ ಹಾಗೇ ಬಾಳಿ.