ಮನೆಯೊಳಗೊಂದು ಟಾಕೀಸು

“ನಗೋದಾದ್ರೆ ಈಗ್ಲೇ ನಕ್ಕು ಮುಗಿಸ್ಬಿಡಿ. ಆಮೇಲೆ ಮಾತಾಡೋಣ.”

ಸಾಗರದ ಪೇಟೆ ಬೀದಿಯ ಚಿಕ್ಕ ರೇಡಿಯೋ ಅಂಗಡಿಯ ಮುಂದೆ ನಿಂತು ಶರಾವತಿ ಹಾಗೆಂದಾಗ, ಒಳಗೆ ಕೂತಿದ್ದ ಕನ್ನಪ್ಪನಿಗೆ ನಿಜಕ್ಕೂ ನಗು ಬಂದಿತ್ತು. ಟಿವಿ ಕೊಳ್ಳಲು ಬಂದವರನ್ನೇ ಅವನು ಅಷ್ಟಾಗಿ ಕಂಡವನಲ್ಲ. ಇವಳು ನೋಡಿದರೆ ಬಿಡಿ ಸಾಮಾನು ತರಿಸಿ ಮನೆಯಲ್ಲೇ ಟಿವಿ ಜೋಡಿಸಬೇಕು ಅನ್ನುತ್ತಿದ್ದಾಳೆ. ಅದೂ ಹೊಸನಗರದಲ್ಲಿ. ಅದೂ ಸಾವಿರದ ಒಂಬೈನೂರ ಎಂಬತ್ತೈದರಲ್ಲಿ!

“ಹೊಸನಗರದಲ್ಲಿ ಟಿವಿ ಎಲ್ಲಿ ಹಿಡಿಯುತ್ತೆ ಮೇಡಂ? ಸುತ್ತ ಗುಡ್ಡ. ಆಂಟೆನಾ ಎಷ್ಟು ಎತ್ತರಿಸಿದ್ರೂ ಬರೇ ಚುಕ್ಕಿ.”

“ಟಿವಿ ಕಾರ್ಯಕ್ರಮ ಯಾರಿಗೆ ಬೇಕು? ವಿಸಿಆರ್ ಬಾಡಿಗೆಗೆ ತಂದು ಸಿನಿಮಾ ಹಾಕ್ತೀನಿ. ನಮ್ಮನೇಲೇ ಟಾಕೀಸು ಆಗ್ಬೇಕು.”

“ಅದಕ್ಕೆ ಕಂಪನಿ ಸೆಟ್ಟೇ ತಗೊಂಡ್ರೆ...”

“ಅದು ನಮ್ಮ ಕೈಲಾಗೋ ಮಾತಾಗಿದ್ರೆ ನಿಮ್ಮ ಹತ್ರ ಎಂತಕ್ಕೆ ಬರ್ತಿದ್ದೆ?”

ಮಾತೇನೋ ಖಾರವಾಗಿಯೇ ಇತ್ತು. ಆದರೆ ಅವಳ ಕಣ್ಣು ತುಂಬಿಕೊಂಡಿದ್ದವು. ಕನ್ನಪ್ಪ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

“ಯಾರಿಗೋಸ್ಕರ ಇದೆಲ್ಲ?”

“ಅಪ್ಪಯ್ಯನಿಗೆ. ಅವ್ರ ಕಣ್ಣು ಹೋಗ್ತಾ ಇದೆ. ನರ ಒಣಗ್ತಿದೆ, ಇನ್ನು ಜಾಸ್ತಿ ದಿನ ಇಲ್ಲ ಅಂದ್ರು ಶಿವಮೊಗ್ಗದ ಡಾಕ್ಟ್ರು. ಪೂರ್ತಿ ಹೋಗೋದ್ರೊಳಗೆ ಒಂದು ಸಿನಿಮಾ ನೋಡ್ಬೇಕು ಅವ್ರು. ಜನ್ಮವಿಡೀ ಬೇರೆಯವ್ರಿಗೆ ತೋರಿಸಿದಾರೆ.”

ಅವಳ ಅಪ್ಪಯ್ಯ ವಾಸಪ್ಪ ಟೆಂಟ್ ಸಿನಿಮಾದ ಆಪರೇಟರ್ ಆಗಿದ್ದವನು. ತೀರ್ಥಹಳ್ಳಿ, ಹೊಸನಗರ, ಸಾಗರದ ಬಯಲುಗಳಲ್ಲಿ ಟೆಂಟ್ ಎದ್ದಾಗಲೆಲ್ಲ ಹಿಂದಿನ ತಗಡಿನ ಕೋಣೆಯಲ್ಲಿ ನಿಂತು ಮಷಿನ್ ಓಡಿಸುತ್ತಿದ್ದ. ಅವನು ರೀಲ್ ಬದಲಾಯಿಸುವಷ್ಟು ಹೊತ್ತು ಜನ ಕತ್ತಲಲ್ಲಿ ಕಾಯುತ್ತಿದ್ದರು. ಟೆಂಟ್ ಕಂಬದಿಂದ ಬಿದ್ದು ಸೊಂಟ ಮುರಿದ ಮೇಲೆ ಮಂಚವೇ ಅವನ ಲೋಕವಾಯಿತು. ಹೆಂಡತಿ ಎಂದೋ ತೀರಿಹೋಗಿದ್ದಳು. ಉಳಿದವಳು ಮಗಳೊಬ್ಬಳೇ. ಹೊಸನಗರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಮನೆ ನಡೆಸುತ್ತಿದ್ದಳು.

“ಭಾನುವಾರ ಬರ್ತೀನಿ,” ಎಂದ ಕನ್ನಪ್ಪ. “ಆದ್ರೆ ಒಂದು ಮಾತು. ನಾನೂ ಟಿವಿ ಜೋಡಿಸಿದವನಲ್ಲ. ಇದೇ ಮೊದ್ಲು.”

ಈಗ ಅವಳಿಗೆ ನಗು ಬಂತು. ಕನ್ನಪ್ಪ ಸೋತದ್ದು ಆ ನಗುವಿಗೇ, ಪಾಪ. ಅದು ಅವನ ತಲೆಗೆ ಹೋಗಲು ಮಾತ್ರ ಇನ್ನೂ ಸ್ವಲ್ಪ ದಿನ ಬೇಕಾಯಿತು.

ಬೆಂಗಳೂರಿನಿಂದ ಬಸ್ಸಿನ ಪಾರ್ಸೆಲ್‌ನಲ್ಲಿ ಸಾಮಾನು ಬಂತು. ಹುಲ್ಲಿನಲ್ಲಿ ಸುತ್ತಿದ್ದ ಪಿಕ್ಚರ್ ಟ್ಯೂಬನ್ನು ಇಬ್ಬರೂ ಹಸುಗೂಸನ್ನು ಎತ್ತಿದಂತೆ ಎತ್ತಿ ಒಳಗೆ ತಂದರು. ಭಾನುವಾರ ಬಂತೆಂದರೆ ಜಗಲಿಯಲ್ಲಿ ತಂತಿ, ಬೆಸುಗೆಯ ಹೊಗೆ, ನಕ್ಷೆಯ ಹಾಳೆ. ಎಕ್ಸ್‌ಚೇಂಜಿನಲ್ಲಿ ದಿನವಿಡೀ ತಂತಿ ಸಿಕ್ಕಿಸಿ ತೆಗೆಯುವ ಶರಾವತಿಯ ಬೆರಳುಗಳು ಬೇಗ ಬೆಸುಗೆ ಕಲಿತವು.

“ಇದು ನಿಮ್ಮ ಬೆಸುಗೆ ಅಂತ ಯಾರಾದ್ರೂ ಹೇಳ್ಬಹುದು,” ಎಂದ ಅವನು ಒಂದು ದಿನ.

“ಯಾಕೆ, ಅಷ್ಟು ಕೆಟ್ಟದಾ?”

“ಜಾಸ್ತಿ ಗಟ್ಟಿ. ಬಿಡಿಸ್ಬೇಕಾದ್ರೆ ನಾನು ಸಾಯ್ಬೇಕು.”

“ಬಿಡಿಸೋದು ಯಾಕೆ?” ಎಂದು ಕೇಳಿಬಿಟ್ಟಳು. ಕೇಳಿದ ಮೇಲೆ ಕಿವಿಯವರೆಗೆ ಕೆಂಪಾದಳು. ಮಂಚದ ಮೇಲಿದ್ದ ವಾಸಪ್ಪ ಕೆಮ್ಮಿದ. ಅವನು ಕೆಮ್ಮಿದ್ದು ಕಫಕ್ಕೋ ಬೇರೆ ಯಾತಕ್ಕೋ...

ವಾಸಪ್ಪನಿಗೆ ಒಂದೇ ಆಸೆ. ಟೆಂಟ್ ಮುಚ್ಚಿದಾಗ ಮಾಲೀಕರು ಕೊಟ್ಟಿದ್ದ ದೊಡ್ಡ ಸ್ಪೀಕರ್ ಅಟ್ಟದ ಮೇಲಿತ್ತು. ಸದ್ದು ಅದರಿಂದಲೇ ಬರಬೇಕು. ಕನ್ನಪ್ಪ ಅದನ್ನು ಸರಿಮಾಡಿ ತಂತಿ ಎಳೆದ. ಆಮೇಲೆ ಟಿವಿಯ ಕೆಳಗೇ, ಪರದೆಗೆ ಅಂಟಿಸಿದಂತೆ ಇಟ್ಟ.

“ಅಷ್ಟು ಹತ್ರ ಇಟ್ರೆ ಅದರ ಅಯಸ್ಕಾಂತ ಚಿತ್ರನ ಸೊಟ್ಟ ಎಳೆಯಲ್ವಾ? ನೀವೇ ಹೇಳಿದ್ರಲ್ಲ?” ಎಂದಳು ಶರಾವತಿ.

“ಎಳೆದ್ರೆ ಎಳೀಲಿ. ಅದು ಅಲ್ಲೇ ಇರ್ಲಿ,” ಎಂದನೇ ಹೊರತು ಕಾರಣ ಹೇಳಲಿಲ್ಲ.

ದೀಪಾವಳಿ ಹೋಯಿತು, ಸಂಕ್ರಾಂತಿಯೂ ಹೋಯಿತು. ಸೆಟ್ ಮಾತ್ರ ಮುಗಿಯಲಿಲ್ಲ. ಒಂದು ವಾರ ಯಾವುದೋ ಬಿಡಿ ಭಾಗ ಸುಟ್ಟಿದೆ ಅನ್ನುತ್ತಿದ್ದ. ಇನ್ನೊಂದು ವಾರ ಬೆಂಗಳೂರಿನಿಂದ ಬರಬೇಕು ಅನ್ನುತ್ತಿದ್ದ. ಮೊದಮೊದಲು ಶರಾವತಿಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಮುಗಿಯದಿದ್ದರೆ ಮುಂದಿನ ಭಾನುವಾರವೂ ಬರುತ್ತಾನಲ್ಲ! ಹಾಗೆ ಖುಷಿಪಟ್ಟ ಮರುಕ್ಷಣವೇ ಅಪ್ಪಯ್ಯನ ಮುಖ ಕಂಡು ತನ್ನ ಮೇಲೇ ಅಸಹ್ಯವಾಗುತ್ತಿತ್ತು.

ಅಪ್ಪಯ್ಯ ಮಾತ್ರ ಬೆಳಗ್ಗೆ ಅವಳು ಹೊರಡುವಾಗ, “ಹಸಿರು ಸೀರೆ ಚೆನ್ನಾಗೊಪ್ಪುತ್ತೆ ಕೂಸೇ,” ಅನ್ನುತ್ತಿದ್ದ. ಸದ್ಯ, ಇನ್ನೂ ಬಣ್ಣ ಕಾಣುತ್ತಿದೆ ಎಂದು ಅವಳು ದೇವರಿಗೆ ಕೈ ಮುಗಿಯುತ್ತಿದ್ದಳು. ಈ ನಡುವೆ ಅವನು ತೀರ್ಥಹಳ್ಳಿಯ ಕಡೆಯಿಂದ ಅವಳಿಗೊಂದು ಸಂಬಂಧ ನೋಡಿದ್ದ. ಗಂಡಿನವರು ಸದ್ಯದಲ್ಲೇ ಬರುವವರಿದ್ದರು. ಬೇಡವೆನ್ನಲು ಅವಳಿಗೆ ಬಾಯಿ ಬರಲಿಲ್ಲ. ಯಾಕೆ ಬೇಡ ಎಂದು ಕೇಳಿದರೆ ಏನು ಹೇಳುವುದು? ಕನ್ನಪ್ಪ ಒಂದು ಮಾತನ್ನಾದರೂ ಆಡಿದ್ದಾನೆಯೇ?

ಆ ಭಾನುವಾರ ಕಾಫಿ ಲೋಟ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು.

ಕನ್ನಪ್ಪ ಸೆಟ್ಟಿನ ಹಿಂದೆ ಬಾಗಿ ಕೂತಿದ್ದ. ಕೈಯಲ್ಲಿ ಕಟ್ಟರ್ ಇತ್ತು. ಅವಳೇ ಬೆಸುಗೆ ಹಾಕಿದ್ದ ಕೆಂಪು ತಂತಿಯನ್ನು ಹುಡುಕಿ, ಕಟ್ ಎಂದು ಕತ್ತರಿಸಿದ. ಆಮೇಲೆ ಏನೂ ಆಗದವನಂತೆ, ಅಡುಗೆಮನೆಗೆ ಕೇಳುವಂತೆ ದನಿಯೆತ್ತಿ, “ಇವತ್ತೂ ಆಗ್ಲಿಲ್ಲ ವಾಸಪ್ಪಣ್ಣ. ಇನ್ನೊಂದು ಸಾಮಾನು ತರಿಸ್ಬೇಕು,” ಎಂದ.

ಅವನು ಅಂಗಳಕ್ಕಿಳಿಯುವವರೆಗೆ ಹೇಗೋ ತಡೆದುಕೊಂಡಳು.

“ನಾನು ನೋಡ್ದೆ ಕನ್ನಪ್ಪನವ್ರೇ.”

ಅವನ ಮುಖ ಬಿಳಿಚಿಕೊಂಡಿತು.

“ಇಷ್ಟು ದಿನದಿಂದ ಹೀಗೇ ಮಾಡ್ತಿದ್ರಾ? ವಾರ ವಾರ ಬಂದು ಊಟ ಮಾಡೋಕೆ, ನನ್ನ ಮುಖ ನೋಡೋಕೆ... ಅದಕ್ಕೇನಾ? ಅಲ್ಲಿ ಒಬ್ರ ಕಣ್ಣು ಹೋಗ್ತಾ ಇತ್ತಲ್ಲ. ಅದು ನೆನಪಾಗ್ಲಿಲ್ವಾ ನಿಮಗೆ?”

ಅಲ್ಲ ಅನ್ನಿ... ಒಂದು ಸಲ ಅಲ್ಲ ಅನ್ನಿ... ಎಂದು ಅವಳ ಮನಸ್ಸು ಬೇಡಿಕೊಳ್ಳುತ್ತಿತ್ತು.

“ಹಾಗೇ ಅಂದ್ಕೊಳ್ಳಿ,” ಎಂದ ಕನ್ನಪ್ಪ ಮೆಲ್ಲಗೆ.

“ಇನ್ನು ಈ ಮನೆ ಮೆಟ್ಲು ಹತ್ಬೇಡಿ.”

ಅವನು ಹೋದ. ಅವಳು ಬಚ್ಚಲಲ್ಲಿ ನೀರಿನ ಸದ್ದು ಮಾಡಿಕೊಂಡು ಅತ್ತಳು. ನಂಬಿದ್ದಕ್ಕೂ ಅತ್ತಳು, ನಂಬಿದವನು ಹೋದದ್ದಕ್ಕೂ ಅತ್ತಳು.

ಮಾರನೆಯ ದಿನವೇ ಹಟ ತೊಟ್ಟು ಕೂತಳು. ಕೆಂಪು ತಂತಿಗೆ ತಾನೇ ಬೆಸುಗೆ ಹಾಕಿ ಸ್ವಿಚ್ ಒತ್ತಿದಳು. ಪರದೆ ಬೆಳ್ಳಗೆ ಹತ್ತಿಕೊಂಡಿತು! ಕೆಟ್ಟದ್ದು ಬೇರೆ ಏನೂ ಇರಲಿಲ್ಲ. ಅದು ಗೊತ್ತಾದಾಗ ಎದೆ ಇನ್ನಷ್ಟು ಉರಿಯಿತು.

ರಜೆ ಹಾಕಿ ವಿಸಿಆರ್ ತಂದಳು. ಅಪ್ಪಯ್ಯ ಟೆಂಟಿನಲ್ಲಿ ಓಡಿಸುತ್ತಿದ್ದ ಕಾಲದ ಹಳೆಯ ಕಪ್ಪು ಬಿಳುಪು ಸಿನಿಮಾದ ಕ್ಯಾಸೆಟ್ಟನ್ನೇ ಆರಿಸಿದಳು. ಹಾಕಿ ನೋಡಿದರೆ ಚಿತ್ರ ಒಂದು ಮೂಲೆಗೆ ಸೊಟ್ಟಗಾಗಿತ್ತು. ಸ್ಪೀಕರ್ ಎಳೆಯುತ್ತಿದೆ. ಅದನ್ನು ಎತ್ತಿ ದೂರದ ಕಿಟಕಿಯ ಬಳಿ ಇಟ್ಟಳು. ಚಿತ್ರ ನೆಟ್ಟಗಾಯಿತು.

“ಅಪ್ಪಯ್ಯ, ಶುರು ಮಾಡ್ಲಾ?”

ವಾಸಪ್ಪ ಯಾಕೋ ತಡವರಿಸಿದ. “ಕನ್ನಪ್ಪ ಬರ್ಲಿ ತಡಿ.”

“ಅವ್ರು ಬರಲ್ಲ. ನಾನೇ ಸರಿ ಮಾಡಿದೀನಿ.”

ದಿಂಬಿಗೆ ಒರಗಿಸಿ ಕೂರಿಸಿದಳು. ಸಿನಿಮಾ ಶುರುವಾಯಿತು. ವಾದ್ಯಗಳು ಮೊಳಗಿದವು. ಅಪ್ಪಯ್ಯನ ಮುಖ ಅರಳಿತು. ಅರಳಿದ ಆ ಮುಖ ಮೆಲ್ಲಗೆ ತಿರುಗಿ ಕಿಟಕಿಯ ಕಡೆ ನಿಂತಿತು.

“ಆಹಾ, ಎಷ್ಟು ಚೆನ್ನಾಗಿ ಬಿದ್ದಿದೆ ಕೂಸೇ ಚಿತ್ರ. ಒಂದು ಚೂರೂ ಮಸುಕಿಲ್ಲ.”

ಕಿಟಕಿಯ ಬಳಿ ಇದ್ದದ್ದು ಸ್ಪೀಕರ್ ಪೆಟ್ಟಿಗೆ, ಒಣಗಲು ಹಾಕಿದ್ದ ಒಂದು ಟವೆಲು.

ಟೆಂಟಿನಲ್ಲಿ ಸ್ಪೀಕರ್ ಇರುತ್ತಿದ್ದದ್ದು ಪರದೆಯ ಹಿಂದೆ. ಸದ್ದು ಎಲ್ಲಿಂದಲೋ ಚಿತ್ರವೂ ಅಲ್ಲೇ. ಅಪ್ಪಯ್ಯ ಸದ್ದನ್ನು ನಂಬಿ ಕಣ್ಣು ನೆಟ್ಟಿದ್ದಾನೆ... ಇಲ್ಲ, ಇರಲಾರದು. ಬೆಳಗ್ಗೆ ಕೂಡ ಸೀರೆಯ ಬಣ್ಣ ಹೇಳಿದ್ದನಲ್ಲ?

ಶರಾವತಿ ಸದ್ದಿನ ಗುಂಡಿಯನ್ನು ತಿರುಗಿಸಿ ಪೂರ್ತಿ ಇಳಿಸಿದಳು. ಪರದೆಯ ಮೇಲೆ ನಾಯಕಿ ಹಾಡುತ್ತಲೇ ಇದ್ದಳು, ಸದ್ದಿಲ್ಲದೆ.

“ಕರೆಂಟ್ ಹೋಯ್ತಾ?” ಎಂದ ವಾಸಪ್ಪ.

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು.

“ಹೂಂ ಅಪ್ಪಯ್ಯ... ಹೋಯ್ತು.”

ಅವನು ನಿಧಾನವಾಗಿ ಮುಖ ಮೇಲಕ್ಕೆತ್ತಿದ.

“ಫ್ಯಾನ್ ತಿರುಗ್ತಾ ಇದೆಯಲ್ಲ ಕೂಸೇ.”

ಅವಳು ಮಂಚದ ಅಂಚಿಗೆ ಕುಸಿದು ಅವನ ಮಡಿಲಲ್ಲಿ ತಲೆಯಿಟ್ಟು ಅತ್ತಳು. ಅವನ ಕೈ ತಡಕಾಡಿ ಅವಳ ತಲೆಯನ್ನು ಹುಡುಕಿಕೊಂಡಿತು.

“ದೀಪಾವಳಿ ದೀಪನೇ ನಂಗೆ ಕಾಣ್ಲಿಲ್ಲ ಮಗಳೇ.”

“ಮತ್ತೆ ಸೀರೆ ಬಣ್ಣ?”

“ಕೆರಿಯಮ್ಮ ಬೆಳಗ್ಗೆ ಹಾಲು ಕೊಡೋಕೆ ಬಂದಾಗ ಕಿವೀಲಿ ಹೇಳಿ ಹೋಗ್ತಿದ್ಲು.”

ಪಕ್ಕದ ಮನೆಯ ಕೆರಿಯಮ್ಮನಿಗೂ ಗೊತ್ತು. ತನಗೊಬ್ಬಳಿಗೇ ಗೊತ್ತಿರಲಿಲ್ಲ.

“ಆ ಹುಡುಗನ್ನ ಬೈಬೇಡ,” ಎಂದ ವಾಸಪ್ಪ. “ನೀನು ಡ್ಯೂಟಿಗೆ ಹೋದಾಗ ಒಂದಿನ ಬಂದು ಸೆಟ್ ಹಚ್ಚಿದ್ದ. ‘ಬೆಳಕು ಕಾಣ್ತಾ ವಾಸಪ್ಪಣ್ಣ?’ ಅಂದ. ‘ಹಚ್ಚಿದೀಯಾ?’ ಅಂತ ಕೇಳ್ಬಿಟ್ಟೆ ನಾನು. ಅಲ್ಲಿಗೆ ಅವನಿಗೆ ಗೊತ್ತಾಯ್ತು. ಪಾಪ, ಅತ್ತ. ನಾನು ಬಿಡ್ಲಿಲ್ಲ. ನಿಂಗೆ ಹೇಳ್ಬಾರ್ದು, ನಿನ್ನ ಮದುವೆ ಗೊತ್ತಾಗೋ ತನಕ ಈ ಸೆಟ್ ಮುಗೀಬಾರ್ದು ಅಂತ ಸಿಗಂದೂರಮ್ಮನ ಆಣೆ ಹಾಕಿಸ್ಕೊಂಡೆ.”

“ಯಾಕಪ್ಪಯ್ಯ?”

“ನಂಗೆ ಕಾಣಲ್ಲ ಅಂತ ಗೊತ್ತಾದ್ರೆ ನೀನು ಈ ಮನೆ ಬಿಟ್ಟು ಇನ್ನೊಂದು ಮನೆಗೆ ಹೋಗ್ತೀಯಾ?”

ಇಲ್ಲ. ಹೋಗುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಕನ್ನಪ್ಪ ಹಿನ್ನೀರಿನಾಚೆ, ಸಿಗಂದೂರಿನ ಪಕ್ಕದ ತುಮರಿಯವನು. ಸಿಗಂದೂರಿನ ಅಮ್ಮನ ಹೆಸರಿನಲ್ಲಿ ಆಣೆಯಿಟ್ಟ ಮೇಲೆ ಆ ಸೀಮೆಯವರು ಜೀವ ಹೋದರೂ ಬಾಯಿ ಬಿಡುವುದಿಲ್ಲ. ಅವಳ ಮಾತನ್ನೆಲ್ಲ ಅಂಗಳದಲ್ಲಿ ನಿಂತು ಕೇಳಿಸಿಕೊಂಡು, ಹಾಗೇ ಅಂದ್ಕೊಳ್ಳಿ ಎಂದು ಹೊರಟುಹೋಗಿದ್ದ. ಸ್ಪೀಕರನ್ನು ಪರದೆಗೆ ಅಂಟಿಸಿ ಇಟ್ಟದ್ದು ಯಾಕೆಂದೂ ಈಗ ಹೊಳೆಯಿತು: ಸದ್ದಿನ ಕಡೆ ತಿರುಗಿದರೆ ಅಪ್ಪಯ್ಯನ ಮುಖ ಚಿತ್ರದ ಕಡೆಗೇ ಇರಲಿ ಎಂದು.

ಅಪ್ಪಯ್ಯನನ್ನು ಕೆರಿಯಮ್ಮನಿಗೆ ಒಪ್ಪಿಸಿ, ಮರುದಿನ ಬೆಳಗಿನ ಬಸ್ಸಿಗೇ ಸಾಗರಕ್ಕೆ ಹೋದಳು.

ಅಂಗಡಿಯಲ್ಲಿ ಅವನೊಬ್ಬನೇ ಇದ್ದ. ಗಡ್ಡ ತೆಗೆದಿರಲಿಲ್ಲ. ಅವಳನ್ನು ಕಂಡು ಎದ್ದು ನಿಂತ.

“ಅಪ್ಪಯ್ಯ ಎಲ್ಲ ಹೇಳಿದ್ರು,” ಎಂದಳು. “ನಿಮ್ಮ ಬಾಯಿಂದ ಬಂದಿದ್ದಲ್ಲ. ಆಣೆ ಮುರೀಲಿಲ್ಲ. ಈಗಾದ್ರೂ ನನ್ನ ಹತ್ರ ಮಾತಾಡಿ.”

“ಎಂತ ಮಾತಾಡ್ಲಿ?”

“ನಾನು ಅಷ್ಟೆಲ್ಲ ಅಂದ್ನಲ್ಲ. ನೋವಾಗ್ಲಿಲ್ವಾ?”

“ನೀವಂದಿದ್ರಲ್ಲಿ ಒಂದು ನಿಜ ಇತ್ತು.” ಅವನು ತಲೆ ತಗ್ಗಿಸಿದ. “ಸೆಟ್ ಮುಗಿಯೋದು ನಿಮ್ಮ ಮದುವೆ ಗೊತ್ತಾದ ದಿನ ಅಂತ ಮಾತಾಗಿತ್ತು. ಆ ದಿನನ ನನ್ನ ಕೈಯಾರೆ ತರ್ಬೇಕಲ್ಲ... ತಂತಿ ಕತ್ತರಿಸೋವಾಗೆಲ್ಲ ನಿಮ್ಮಪ್ಪಯ್ಯನಿಗೋಸ್ಕರ ಅಂದ್ಕೊಳ್ತಿದ್ದೆ. ಪೂರ್ತಿ ಅದಕ್ಕೇ ಅಲ್ಲ.”

ಶರಾವತಿಯ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

“ತೀರ್ಥಹಳ್ಳಿಯವರಿಗೆ ಬರೋದು ಬೇಡ ಅಂತ ಫೋನ್ ಮಾಡಿಸಿದೀನಿ.”

“ಅಪ್ಪಯ್ಯ ಒಪ್ಪಿದ್ರಾ?”

“ಸಾಗರದ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದ್ರು. ಇನ್ನೆಂತ ಒಪ್ಪಬೇಕು?” ಅವಳ ದನಿ ಸಣ್ಣದಾಯಿತು. “ಆದ್ರೆ ನಾನು ಅಪ್ಪಯ್ಯನ್ನ ಬಿಟ್ಟು ಬರಲ್ಲ. ನನ್ನ ಕೈ ಹಿಡಿಯೋರು ಆ ಮನೆಗೇ ಬರ್ಬೇಕು.”

ಕನ್ನಪ್ಪ ಅಂಗಡಿಯನ್ನೊಮ್ಮೆ ಸುತ್ತ ನೋಡಿದ.

“ಹೊಸನಗರದಲ್ಲೂ ರೇಡಿಯೋ ಕೆಡ್ತವಲ್ಲ,” ಎಂದ.

ಅವಳು ಅಳುತ್ತಲೇ ನಕ್ಕಳು. ಅವನು ಮೊದಲ ಸಲ ಅವಳ ಕೈ ಹಿಡಿದ. ಬೆಸುಗೆಯ ಕಾವು ತಗುಲಿ ಬೊಬ್ಬೆಯೆದ್ದಿದ್ದ ಬೆರಳನ್ನು ಮೆಲ್ಲಗೆ ಸವರಿದ.

“ಸಿನಿಮಾ ಅರ್ಧಕ್ಕೇ ನಿಂತಿದೆ,” ಎಂದಳು. “ಚಿತ್ರದಲ್ಲಿ ಎಂತ ಆಗ್ತಿದೆ ಅಂತ ಹೇಳ್ತಾ ಹೋಗು, ಪೂರ್ತಿ ನೋಡ್ತೀನಿ ಅಂದ್ರು ಅಪ್ಪಯ್ಯ. ಶುರು ಮಾಡ್ದೆ. ನನ್ನ ಕೈಲಿ ಆಗ್ಲಿಲ್ಲ, ಅಳು ಬಂದ್ಬಿಡ್ತು. ನಾನು ನಿಂತಲ್ಲಿಂದ ಮುಂದೆ ನೀವು ಹೇಳ್ತೀರಾ?”

“ಹೇಳ್ತೀನಿ.” ಅವನ ಕಣ್ಣೂ ತುಂಬಿದ್ದವು. “ಆದ್ರೆ ನಂಗೂ ಅಳು ಬಂದ್ರೆ?”

“ಆಗ ಇಬ್ರೂ ಸ್ವಲ್ಪ ಹೊತ್ತು ಸುಮ್ನಿರೋಣ,” ಎಂದಳು ಶರಾವತಿ. “ರೀಲ್ ಬದಲಾಯಿಸ್ತಿದಾರೆ ಅಂದ್ಕೊಂಡು ಅಪ್ಪಯ್ಯ ಕಾಯ್ತಾರೆ.”